ಹತ್ತು ಕಂಪನಿ, ಒಂದೇ ಸೈಟು: ಜೀವದ ಜವಾಬ್ದಾರಿ ಯಾರದು?

ನಮ್ಮ ಎರ್ಮಾಳ್ ನಕ್ಷೆಯಲ್ಲಿ ಬೆರಳಗಲದ ಊರು. ಬಡಾ ಎರ್ಮಾಳು, ತೆಂಕ ಎರ್ಮಾಳು ಅಂತ ಎರಡು ಭಾಗ. ಪಡುವಣಕ್ಕೆ ಅರಬ್ಬಿ ಸಮುದ್ರ, ಮಧ್ಯೆ ಹೆದ್ದಾರಿ, ಮೂಡಣಕ್ಕೆ ಗದ್ದೆ ತೋಟ. ಇನ್ನೂ ಒಳಗೆ ಹೋದರೆ ಕೊಂಕಣ ರೈಲಿನ ಹಳಿ ಮತ್ತು ಎಲ್ಲೂರಿನ ಉಷ್ಣವಿದ್ಯುತ್ ಸ್ಥಾವರ. ಇಷ್ಟು ಸಣ್ಣ ಜಾಗದ ಆಸುಪಾಸಿನಲ್ಲಿ 1990ರಿಂದೀಚೆಗೆ ಮೂರು ದೊಡ್ಡ ಕಾಮಗಾರಿಗಳು ನಡೆದುಹೋದವು. ಮೊದಲು ರೈಲು, ಆಮೇಲೆ ಕರೆಂಟು, ಆಮೇಲೆ ಚತುಷ್ಪಥ ರಸ್ತೆ.

ಈ ಮೂರರ ಬಗ್ಗೆಯೂ ಸಾಕಷ್ಟು ಬರೆದಿದ್ದಾರೆ. ಪರಿಸರ, ಭೂಸ್ವಾಧೀನ, ಟೋಲು, ಬೂದಿ.... ಇವೆಲ್ಲ ನಿಮಗೆ ಗೊತ್ತಿರುವುದೇ. ನಾನು ಇಲ್ಲಿ ಹೇಳಹೊರಟದ್ದು ಅಷ್ಟಾಗಿ ಯಾರೂ ಮಾತಾಡದ ಒಂದು ಸಂಗತಿ. ಈ ಮೂರರಲ್ಲಿ ಯಾವುದನ್ನೂ ಒಂದೇ ಕಂಪನಿ ಕಟ್ಟಲಿಲ್ಲ. ಮಣ್ಣು ಅಗೆದವರು ಒಬ್ಬರು, ಕಬ್ಬಿಣ ಕಟ್ಟಿದವರು ಇನ್ನೊಬ್ಬರು, ಕ್ರೇನ್ ತಂದವರು ಮತ್ತೊಬ್ಬರು, ಕಾರ್ಮಿಕರನ್ನು ಕರೆತಂದವರು ಮಗದೊಬ್ಬರು. ಎಲ್ಲರೂ ಒಂದೇ ಬೇಲಿಯ ಒಳಗೆ. ಅಲ್ಲಿ ಒಬ್ಬರ ಕೆಲಸ ಇನ್ನೊಬ್ಬರ ತಲೆ ಮೇಲೆ ಬೀಳದಂತೆ ನೋಡಿಕೊಳ್ಳುವವರು ಯಾರು?

ಕಡಲ ತೀರದವರಿಗೆ ಈ ಪ್ರಶ್ನೆ ಹೊಸದಲ್ಲ. ರಂಪಣಿ ಬಲೆ ನೋಡಿದವರಿಗೆ ಗೊತ್ತು. ಬಲೆಗೆ ಪಾಲುದಾರರು ಹಲವರು, ಹಗ್ಗ ಎಳೆಯುವವರು ಹತ್ತಾರು ಜನ, ದೋಣಿಯಲ್ಲಿ ಕೆಲವರು, ದಡದಲ್ಲಿ ಎರಡು ಸಾಲು. ಆದರೆ ಯಾವಾಗ ಎಳೆಯಬೇಕು, ಯಾವಾಗ ನಿಲ್ಲಿಸಬೇಕು ಅನ್ನುವ ಕೂಗು ಮಾತ್ರ ಒಬ್ಬ ತಂಡೇಲನದು. ಪಾಲು ಹಂಚಿಹೋಗಬಹುದು, ಕೂಗು ಹಂಚಿಹೋಗಬಾರದು. ದೊಡ್ಡ ಕಾಮಗಾರಿಗಳ ಇತಿಹಾಸ ಓದುತ್ತಾ ಹೋದಂತೆ ನನಗೆ ಕಂಡದ್ದು ಇದು: ನಾವು ಪಾಲು ಹಂಚುವುದನ್ನು ಬೇಗ ಕಲಿತೆವು. ಕೂಗು ಯಾರದು ಅಂತ ಬರೆದಿಡುವುದನ್ನು ಇನ್ನೂ ಪೂರ್ತಿ ಕಲಿತಿಲ್ಲ.

ಇಲಾಖೆಯ ಕಾಲ

ಹಿಂದೆ ನಮ್ಮಲ್ಲಿ ದೊಡ್ಡ ಕಾಮಗಾರಿ ಅಂದರೆ ಸರ್ಕಾರಿ ಇಲಾಖೆಯ ಕಾಮಗಾರಿ. 1911ರಲ್ಲಿ ಶುರುವಾಗಿ 1930ರ ದಶಕದ ಆರಂಭದ ತನಕ ನಡೆದ ಕನ್ನಂಬಾಡಿ ಕಟ್ಟೆ ಇರಲಿ, 1964ರಲ್ಲಿ ಮುಗಿದ ಶರಾವತಿಯ ಲಿಂಗನಮಕ್ಕಿ ಇರಲಿ, ತುಂಡು ಗುತ್ತಿಗೆದಾರರು, ಮೇಸ್ತ್ರಿಗಳು ಆಗಲೂ ಇದ್ದರು. ಆದರೆ ಸೈಟಿನಲ್ಲಿ ಕೂತು ಆಜ್ಞೆ ಕೊಡುವವರು ಇಲಾಖೆಯ ಎಂಜಿನಿಯರು. ಆಗ ಸುರಕ್ಷತೆ ಚೆನ್ನಾಗಿತ್ತು ಅಂತ ನಾನು ಹೇಳುತ್ತಿಲ್ಲ. ಹೆಲ್ಮೆಟ್ಟೂ ಇಲ್ಲ, ಬೆಲ್ಟೂ ಇಲ್ಲ, ಜ್ವರಕ್ಕೆ ಔಷಧಿಯೂ ಕಷ್ಟ. ಒಂದು ಮಾತ್ರ ನಿಜ. ಬಂಡೆ ಸಿಡಿಸುವ ಹೊತ್ತು ಕೆಳಗೆ ಯಾರು ಕೆಲಸ ಮಾಡುತ್ತಿದ್ದಾರೆ ಅಂತ ಕೇಳಬೇಕಾದವನು ಯಾರು ಅನ್ನುವುದರಲ್ಲಿ ಗೊಂದಲ ಕಡಿಮೆ ಇತ್ತು.

ಯಂತ್ರಗಳು ದೊಡ್ಡದಾದವು, ಕೆಲಸಗಳು ವಿಶೇಷ ತಜ್ಞತೆ ಬೇಡತೊಡಗಿದವು. ಸುರಂಗಕ್ಕೆ ಒಂದು ಕಂಪನಿ, ಸೇತುವೆಗೆ ಇನ್ನೊಂದು, ಸಿಗ್ನಲಿಗೆ ಮತ್ತೊಂದು. ಇದು ತಪ್ಪಲ್ಲ, ಅನಿವಾರ್ಯ. ಆದರೆ ಇಲಾಖೆಯ ಎಂಜಿನಿಯರು ನಿಂತಿದ್ದ ಜಾಗದಲ್ಲಿ ಈಗ ಯಾರು ನಿಲ್ಲಬೇಕು ಎಂಬುದು ತಾನಾಗಿ ತೀರ್ಮಾನವಾಗಲಿಲ್ಲ.

ಹಳಿ ಬಂದ ಕಾಲ

ಕೊಂಕಣ ರೈಲ್ವೆ ನಿಗಮ ಹುಟ್ಟಿದ್ದು 1990ರ ಜುಲೈಯಲ್ಲಿ. ಇ. ಶ್ರೀಧರನ್ ಅದರ ಮುಖ್ಯಸ್ಥರು. ರೋಹಾದಿಂದ ಮಂಗಳೂರಿನವರೆಗೆ ಸುಮಾರು 740 ಕಿಲೋಮೀಟರು, 91 ಸುರಂಗ, ಸಣ್ಣವು ದೊಡ್ಡವು ಸೇರಿ ಸುಮಾರು 2000 ಸೇತುವೆಗಳು. ನಮ್ಮ ಕಡೆಯ ತುಂಡು ಮೊದಲೇ ತಯಾರಾಯಿತು. 1993ರ ಮಾರ್ಚ್ 20ರಂದು ಮಂಗಳೂರು ಉಡುಪಿ ನಡುವೆ ರೈಲು ಓಡಿತು. ಪೂರ್ತಿ ಹಾದಿಯಲ್ಲಿ ರೈಲು ಓಡತೊಡಗಿದ್ದು 1998ರ ಜನವರಿ 26ರಂದು.

ಈ ಕಾಮಗಾರಿಯ ವ್ಯವಸ್ಥೆಯಲ್ಲಿ ಗಮನಿಸಬೇಕಾದ ಒಂದು ವಿಷಯ ಇದೆ. ಇಡೀ ಹಾದಿಯನ್ನು ಏಳು ವಿಭಾಗ ಮಾಡಿ, ಒಂದೊಂದಕ್ಕೂ ಒಬ್ಬ ಮುಖ್ಯ ಎಂಜಿನಿಯರನ್ನು ಅಲ್ಲೇ ಇರಿಸಿದರು. ಮಹಾಡ್, ರತ್ನಾಗಿರಿಯ ಎರಡು, ಕುಡಾಳ, ಪಣಜಿ, ಕಾರವಾರ, ಉಡುಪಿ. ಕೆಲಸ ಮಾಡಿದ್ದು ಎಲ್ ಅಂಡ್ ಟಿ, ಗ್ಯಾಮನ್, ಆಫ್ಕಾನ್ಸ್ ಮೊದಲಾದ ಕಂಪನಿಗಳು, ಅವರ ಕೆಳಗೆ ಲೆಕ್ಕವಿಲ್ಲದ ಉಪಗುತ್ತಿಗೆದಾರರು. ಆದರೆ ತೀರ್ಮಾನ ತೆಗೆದುಕೊಳ್ಳುವ ಮನುಷ್ಯ ದಿಲ್ಲಿಯಲ್ಲೋ ಮುಂಬೈಯಲ್ಲೋ ಕೂತಿರದೆ, ಹಳಿ ಬೀಳುವ ಜಾಗದಲ್ಲೇ ಇದ್ದ.

ಹಾಗಿದ್ದರೂ ಈ ಹಾದಿ ಸುಮ್ಮನೆ ಬಂದದ್ದಲ್ಲ. ಕಾಮಗಾರಿಯಲ್ಲಿ 74 ಮಂದಿ ಪ್ರಾಣ ಕಳೆದುಕೊಂಡರು ಅಂತ ದಾಖಲೆ ಹೇಳುತ್ತದೆ. ರತ್ನಾಗಿರಿ ನಿಲ್ದಾಣದಲ್ಲಿ ಅವರ ನೆನಪಿಗೆ ಶ್ರಮಶಕ್ತಿ ಸ್ಮಾರಕ ಇದೆ. ಮಂಗಳೂರಿನಿಂದ ಮುಂಬೈಗೆ ಹೋಗುವಾಗ ರೈಲು ಅಲ್ಲಿ ನಿಲ್ಲುತ್ತದೆ. ಎಷ್ಟು ಜನ ಇಳಿದು ನೋಡುತ್ತಾರೋ!

ರೈಲಿನವರಿಂದ ನಾವು ಕಲಿಯಬೇಕಾದ ಮಾತೊಂದಿದೆ. ಅದು 'ಲೈನ್ ಕ್ಲಿಯರ್'. ಒಂಟಿ ಹಳಿಯ ಮೇಲೆ ಎದುರುಬದುರು ಎರಡು ರೈಲು ಬರಬಾರದು. ಅದಕ್ಕೇ ಮುಂದಿನ ನಿಲ್ದಾಣದವರು ದಾರಿ ಖಾಲಿ ಇದೆ ಅಂತ ಹೇಳದೆ ಈ ನಿಲ್ದಾಣದವರು ರೈಲು ಬಿಡುವಂತಿಲ್ಲ. ಡ್ರೈವರ್ ಎಷ್ಟೇ ಜಾಣನಾಗಿರಲಿ, ಅವನ ಜಾಣತನವನ್ನು ನಂಬಿ ವ್ಯವಸ್ಥೆ ಮಾಡಿಲ್ಲ. ನಮ್ಮ ವಿದ್ಯುತ್ ಲೈನ್‌ಮ್ಯಾನ್‌ಗಳೂ ಇದೇ ಮಾತನ್ನು ಬಳಸುತ್ತಾರೆ. ಲೈನ್ ಕ್ಲಿಯರ್ ಸಿಗದೆ ಕಂಬ ಹತ್ತುವಂತಿಲ್ಲ. ಸ್ವಿಚ್ ಕೈಯಲ್ಲಿರುವವನು ಒಬ್ಬ, ಕಂಬದ ಮೇಲಿರುವವನು ಇನ್ನೊಬ್ಬ. ಇಬ್ಬರ ನಡುವೆ ಒಂದು ಮಾತು, ಒಂದು ಬರಹ. ಹಲವು ಕಂಪನಿಗಳ ಸೈಟಿನ ಸುರಕ್ಷತೆಯ ತಿರುಳೂ ಇಷ್ಟೇ.

ಚಿಮಣಿ ಎದ್ದ ಕಾಲ

ಇನ್ನು ಎಲ್ಲೂರಿನ ಕಥೆ. 1990ರ ದಶಕದಲ್ಲಿ ನಂದಿಕೂರು ಪ್ರದೇಶಕ್ಕೆ ಅಮೆರಿಕದ ಕೋಜೆಂಟ್ರಿಕ್ಸ್ ಬರುತ್ತದೆ ಅಂತ ಗದ್ದಲವಾಗಿದ್ದು ನಿಮಗೆ ನೆನಪಿರಬಹುದು. ಹೋರಾಟ, ಕೋರ್ಟು, ಕೊನೆಗೆ 1999ರ ಡಿಸೆಂಬರಿನಲ್ಲಿ ಆ ಕಂಪನಿ ಹಿಂದೆ ಸರಿಯಿತು. ಆಮೇಲೆ ನಾಗಾರ್ಜುನ ಬಂತು. ನಂತರ ಅದು ಲ್ಯಾಂಕೊ ಕೈಗೆ ಹೋಯಿತು. ತಲಾ 600 ಮೆಗಾವ್ಯಾಟಿನ ಎರಡು ಘಟಕಗಳಲ್ಲಿ ಮೊದಲನೆಯದು 2010ರಲ್ಲಿ, ಎರಡನೆಯದು 2012ರಲ್ಲಿ ಉತ್ಪಾದನೆಗೆ ಬಂದವು. 2015ರಲ್ಲಿ ಅದಾನಿ ಸಮೂಹ ಅದನ್ನು ಕೊಂಡಿತು. ಹೆಸರು ಬದಲಾದದ್ದನ್ನು ನಾವು ಎಣಿಸಿದೆವು. ಬೇಲಿಯ ಒಳಗೆ ಎಷ್ಟು ಹೆಸರುಗಳಿದ್ದವು ಅಂತ ಎಣಿಸಲಿಲ್ಲ.

ಒಂದು ಉಷ್ಣಸ್ಥಾವರ ಕಟ್ಟುವುದೆಂದರೆ ಏನೇನು ಅಂತ ಸ್ವಲ್ಪ ನೋಡಿ. ಬಾಯ್ಲರ್, ಟರ್ಬೈನ್ ಎಲ್ಲೂರಿಗೆ ಬಂದದ್ದು ಚೀನಾದ ಡಾಂಗ್‌ಫಾಂಗ್ ಕಂಪನಿಯಿಂದ. ಚಿಮಣಿ ಕಟ್ಟುವುದು ಬೇರೆಯೇ ವಿದ್ಯೆ. 500 ಮೆಗಾವ್ಯಾಟಿನ ಮೇಲ್ಪಟ್ಟ ಘಟಕಗಳಿಗೆ ಆಗಿನ ನಿಯಮದಂತೆ 275 ಮೀಟರ್ ಎತ್ತರ ಬೇಕು. ಕಲ್ಲಿದ್ದಲಿಗೆ ರೈಲು ಹಳಿ ಮತ್ತು ಬೆಲ್ಟು. ವಿದ್ಯುತ್ತನ್ನು ಹಾಸನದ ಕಡೆ ಒಯ್ಯುವ 400 ಕಿಲೋವೋಲ್ಟ್ ಲೈನು. ತಂಪು ಮಾಡಲು ಸಮುದ್ರದ ನೀರು, ಅದರ ಕೊಳವೆ ಹೋಗುವುದು ನಮ್ಮ ಎರ್ಮಾಳ್ ಕಡಲ ತೀರದಿಂದಲೇ. ಇಂಥ ಸೈಟುಗಳಲ್ಲಿ ಒಂದೊಂದಕ್ಕೂ ಒಂದೊಂದು ತಂಡ, ಒಂದೊಂದು ಭಾಷೆ. ತುಳು, ಕನ್ನಡ, ಹಿಂದಿ, ಒಡಿಯಾ, ಬಂಗಾಳಿ, ಸಾಲದ್ದಕ್ಕೆ ಚೀನೀ!

ಇಂಥ ಕಡೆ ಅಪಾಯ ಹುಟ್ಟುವುದು ಹೇಗೆ? ಪ್ರತಿ ತಂಡವೂ ತನ್ನ ಕೆಲಸವನ್ನು ಸರಿಯಾಗಿಯೇ ಮಾಡುತ್ತಿರಬಹುದು. ಮೇಲೆ ವೆಲ್ಡಿಂಗ್, ಕೆಳಗೆ ಪೇಂಟಿಂಗ್. ವೆಲ್ಡರನ ಕೆಲಸ ನಿಯಮದ ಪ್ರಕಾರ ಇದೆ, ಪೇಂಟರನದೂ ಇದೆ. ಆದರೆ ಕಿಡಿ ಬಿದ್ದರೆ ಇಬ್ಬರೂ ಸುಡುತ್ತಾರೆ. ಎರಡು ಕಂಪನಿಗಳ ಎರಡು ಕ್ರೇನು, ಎರಡೂ ಸುಸ್ಥಿತಿಯಲ್ಲಿವೆ, ಆದರೆ ತಿರುಗುವ ವೃತ್ತಗಳು ಒಂದನ್ನೊಂದು ದಾಟುತ್ತವೆ. ಪೈಪಿನ ಬೆಸುಗೆಯನ್ನು ವಿಕಿರಣ ಹಾಯಿಸಿ ಪರೀಕ್ಷಿಸುವವರು ರಾತ್ರಿ ಬರುತ್ತಾರೆ, ಪಕ್ಕದಲ್ಲಿ ಇನ್ನೊಬ್ಬರ ರಾತ್ರಿಪಾಳಿ ಇದೆ ಅಂತ ಅವರಿಗೆ ಗೊತ್ತಿಲ್ಲ. ಸಾವು ಇರುವುದು ಒಬ್ಬೊಬ್ಬರ ಕೆಲಸದ ಒಳಗಲ್ಲ, ಎರಡು ಕೆಲಸಗಳ ಮಧ್ಯದ ಸಂದಿನಲ್ಲಿ.

ನಾನು ಎಂಜಿನಿಯರ್ ಅಲ್ಲ. ಊರಿನಿಂದ ದೂರದ ಒಂದು ಕಾಮಗಾರಿಯಲ್ಲಿ ಗುತ್ತಿಗೆದಾರರೊಬ್ಬರ ಹಾಜರಿ ಲೆಕ್ಕ ಬರೆಯುತ್ತಿದ್ದವನು. ಹೆಸರು ಬೇಡ. ಅಲ್ಲಿ ಕೇಬಲ್ ಹಾಕುವವರು ಒಂದು ಸಂಜೆ ಕಾಲುದಾರಿಗೆ ಅಡ್ಡವಾಗಿ ಕಂದಕ ತೋಡಿ ಹೋದರು. ಅವರ ಹುಡುಗರಿಗೆ ಗೊತ್ತಿತ್ತು, ಅವರು ಯಾರೂ ಬೀಳಲಿಲ್ಲ. ಬಿದ್ದದ್ದು ರಾತ್ರಿ ಕಾಂಕ್ರೀಟಿಗೆ ಬಂದ ಇನ್ನೊಂದು ಕಂಪನಿಯ ಹುಡುಗ. ಸೊಂಟ ಮುರಿಯಿತು. ಮರುದಿನ ಮೂರು ಆಫೀಸುಗಳಲ್ಲಿ ಮೂರು ಉತ್ತರ. ಕಂದಕ ತೋಡಿದವರು ಹೇಳಿದ್ದು, "ಅವನು ನಮ್ಮ ಆಳಲ್ಲ". ಅವನ ಗುತ್ತಿಗೆದಾರರು ಹೇಳಿದ್ದು, "ಕಂದಕ ನಮ್ಮದಲ್ಲ". ಮಾಲೀಕ ಸಂಸ್ಥೆಯವರು ಹೇಳಿದ್ದು, "ಇಬ್ಬರಿಗೂ ಗುತ್ತಿಗೆ ಕೊಟ್ಟಾಗಿದೆ, ನೀವು ನೀವೇ ನೋಡಿಕೊಳ್ಳಿ". ಮೂವರೂ ಸುಳ್ಳು ಹೇಳಲಿಲ್ಲ, ನೋಡಿ. ಕಾಗದದ ಪ್ರಕಾರ ಮೂರೂ ಸರಿ! ಹುಡುಗ ಮಾತ್ರ ಮಲಗಿದ್ದ.

ಇದಕ್ಕೆ ಮದ್ದು ಇಲ್ಲವೆಂದಲ್ಲ. ಪರ್ಮಿಟ್ ವ್ಯವಸ್ಥೆ ಅಂತ ಇದೆ. ಅಗೆಯುವ ಮೊದಲು, ಬೆಂಕಿಯ ಕೆಲಸದ ಮೊದಲು, ಎತ್ತರಕ್ಕೆ ಹತ್ತುವ ಮೊದಲು ಒಂದೇ ಕಚೇರಿಯಿಂದ ಚೀಟಿ ತೆಗೆದುಕೊಳ್ಳಬೇಕು. ಆ ಕಚೇರಿಯ ಗೋಡೆಯ ಮೇಲೆ ಇಡೀ ಸೈಟಿನ ನಕ್ಷೆ. ಇವತ್ತು ಯಾರು ಎಲ್ಲಿ ಅಂತ ಒಂದೇ ನೋಟಕ್ಕೆ ಕಾಣಬೇಕು. ಬೆಳಿಗ್ಗೆ ಎಲ್ಲ ಕಂಪನಿಯ ಸೂಪರ್‌ವೈಸರುಗಳು ಹತ್ತು ನಿಮಿಷ ನಿಂತು ಮಾತಾಡಬೇಕು. ಅಟ್ಟಣಿಗೆಗೆ ಹಸಿರು ಚೀಟಿ ಇದ್ದರೆ ಹತ್ತು, ಕೆಂಪಿದ್ದರೆ ಬೇಡ. ಯಾವ ಕಂಪನಿಯವನಿಗೂ, ಯಾವ ಭಾಷೆಯವನಿಗೂ ಅದೇ ಬಣ್ಣ.

ಚೀಟಿ ಇದ್ದರೆ ಸಾಲದು, ಚೀಟಿಗಳು ಒಂದನ್ನೊಂದು ನೋಡಬೇಕು. 1988ರ ಜುಲೈ 6ರಂದು ಸ್ಕಾಟ್ಲೆಂಡಿನ ಬಳಿ ಸಮುದ್ರದಲ್ಲಿದ್ದ ಪೈಪರ್ ಆಲ್ಫಾ ಎಂಬ ತೈಲ ವೇದಿಕೆ ಸುಟ್ಟು 167 ಮಂದಿ ಸತ್ತರು. ಒಂದು ಪಂಪಿನ ಸುರಕ್ಷಾ ಕವಾಟವನ್ನು ಗುತ್ತಿಗೆ ಕಂಪನಿಯವರು ಬಿಚ್ಚಿದ್ದರು, ಅದಕ್ಕೆ ಪರ್ಮಿಟ್ ಇತ್ತು. ಅದೇ ಪಂಪಿನ ಬೇರೆ ದುರಸ್ತಿಗೆ ಬೇರೆ ಪರ್ಮಿಟ್ ಇತ್ತು. ಕವಾಟ ಇಲ್ಲ ಅನ್ನುವುದು ರಾತ್ರಿಪಾಳಿಯವರಿಗೆ ತಲುಪಲಿಲ್ಲ, ಪಂಪ್ ಚಾಲೂ ಮಾಡಿದರು. ಎರಡು ಕಾಗದ, ಒಂದೇ ಪಂಪು, ನಡುವೆ ಮಾತಿಲ್ಲ.

ನಮ್ಮ ದೇಶದ್ದೇ ಉದಾಹರಣೆ ಬೇಕಾದರೆ ಕೋರ್ಬಾ ಇದೆ. ಎಲ್ಲೂರಿನ ಕೆಲಸ ನಡೆಯುತ್ತಿದ್ದ ಕಾಲವೇ ಅದು. 2009ರ ಸೆಪ್ಟೆಂಬರ್ 23ರಂದು ಛತ್ತೀಸ್‌ಗಢದ ಕೋರ್ಬಾದಲ್ಲಿ, ಮಳೆ ಮಿಂಚಿನ ನಡುವೆ, ವಿದ್ಯುತ್ ಸ್ಥಾವರಕ್ಕೆಂದು ಕಟ್ಟುತ್ತಿದ್ದ ಚಿಮಣಿ ಕುಸಿದು 40ಕ್ಕೂ ಹೆಚ್ಚು ಕಾರ್ಮಿಕರು ಸತ್ತರು. ಮಾಲೀಕರು ಬಾಲ್ಕೊ, ಮುಖ್ಯ ಗುತ್ತಿಗೆ ಚೀನಾದ ಸೆಪ್ಕೊ, ಚಿಮಣಿಯ ಉಪಗುತ್ತಿಗೆ ಗ್ಯಾನನ್ ಡಂಕರ್ಲಿ. ದುರಂತದ ಮರುದಿನದಿಂದ ಎಲ್ಲರೂ ಕೇಳಿದ ಪ್ರಶ್ನೆ ಒಂದೇ, ಈ ಮೂವರಲ್ಲಿ ಯಾರು?

ಕಾನೂನು ನಡೆದು ಬಂದ ದಾರಿ

ಈ ಪ್ರಶ್ನೆಗೆ ನಮ್ಮ ಕಾನೂನು ನಿಧಾನಕ್ಕೆ ಉತ್ತರ ಹುಡುಕಿದೆ. 1970ರ ಗುತ್ತಿಗೆ ಕಾರ್ಮಿಕರ ಕಾಯ್ದೆ 'ಪ್ರಧಾನ ಮಾಲೀಕ' ಎಂಬ ಮಾತನ್ನು ತಂದಿತು. 1982ರ ದಿಲ್ಲಿ ಏಷ್ಯಾಡಿನ ಕಾಮಗಾರಿಗಳ ಕಾರ್ಮಿಕರ ಪರವಾಗಿ ಪೀಪಲ್ಸ್ ಯೂನಿಯನ್ ಫಾರ್ ಡೆಮಾಕ್ರಟಿಕ್ ರೈಟ್ಸ್ ಸುಪ್ರೀಂ ಕೋರ್ಟಿಗೆ ಹೋಯಿತು. ಕೆಲಸ ಗುತ್ತಿಗೆದಾರರದ್ದು ಅಂತ ಹೇಳಿ ಕೆಲಸ ಕೊಟ್ಟ ಸರ್ಕಾರಿ ಸಂಸ್ಥೆಗಳು ಕೈ ತೊಳೆದುಕೊಳ್ಳುವಂತಿಲ್ಲ ಎಂದು ನ್ಯಾಯಮೂರ್ತಿ ಪಿ.ಎನ್. ಭಗವತಿ ಅವರ ಪೀಠ ಹೇಳಿತು. ಅದು ಮುಖ್ಯವಾಗಿ ಕೂಲಿಯ ವಿಷಯ, ಜೀವದ ವಿಷಯಕ್ಕೂ ಹೊಂದುವ ಮಾತು.

1988ರಲ್ಲಿ ಜಿನೀವಾದ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ನಿರ್ಮಾಣ ಕೆಲಸದ ಸುರಕ್ಷತೆಗೆ 167ನೇ ಒಡಂಬಡಿಕೆ ಮಾಡಿತು. ಅದರ 8ನೇ ವಿಧಿ ನೇರವಾಗಿ ನಮ್ಮ ಪ್ರಶ್ನೆಯದ್ದೇ. ಒಂದೇ ಸೈಟಿನಲ್ಲಿ ಇಬ್ಬರು ಅಥವಾ ಹೆಚ್ಚು ಮಾಲೀಕರು ಏಕಕಾಲಕ್ಕೆ ಕೆಲಸ ಮಾಡುವಾಗ ಸುರಕ್ಷತೆಯ ಹೊಂದಾಣಿಕೆ ಪ್ರಧಾನ ಗುತ್ತಿಗೆದಾರನದು, ಇಲ್ಲವೇ ಸೈಟಿನ ಹಿಡಿತ ನಿಜವಾಗಿ ಯಾರ ಕೈಯಲ್ಲಿದೆಯೋ ಅವನದು. ಅವನು ಸೈಟಿನಲ್ಲಿ ಇರುವುದಿಲ್ಲವಾದರೆ ಅಧಿಕಾರ ಇರುವ ಸಮರ್ಥ ವ್ಯಕ್ತಿಯನ್ನು ಅಲ್ಲಿ ನೇಮಿಸಬೇಕು. ಹಾಗಂತ ಒಬ್ಬೊಬ್ಬ ಮಾಲೀಕನ ಸ್ವಂತ ಹೊಣೆ ಕಡಿಮೆಯಾಗುವುದಿಲ್ಲ. 1992ರಲ್ಲಿ ಯುರೋಪಿನ ಒಕ್ಕೂಟ ಇನ್ನೊಂದು ಹೆಜ್ಜೆ ಹೋಯಿತು. ಒಂದಕ್ಕಿಂತ ಹೆಚ್ಚು ಗುತ್ತಿಗೆದಾರರಿದ್ದರೆ ಕೆಲಸ ಮಾಡಿಸುವ ಧಣಿಯೇ ಸುರಕ್ಷತಾ ಸಮನ್ವಯಕಾರನನ್ನು ನೇಮಿಸಬೇಕು, ಅದೂ ನಕ್ಷೆ ಬರೆಯುವ ಹಂತದಲ್ಲೇ. ಸೈಟಿನ ಅಪಘಾತಗಳಲ್ಲಿ ಅರ್ಧಕ್ಕಿಂತ ಹೆಚ್ಚಿನದಕ್ಕೆ ಬೀಜ ಬೀಳುವುದು ಕೆಲಸ ಶುರುವಾಗುವ ಮುಂಚಿನ ಯೋಜನೆಯಲ್ಲೇ ಅಂತ ಆ ನಿರ್ದೇಶನದ ಪೀಠಿಕೆ ಹೇಳುತ್ತದೆ. 2012ರ ಲಂಡನ್ ಒಲಿಂಪಿಕ್ಸಿಗಾಗಿ ನಡೆದ ಮಹಾ ನಿರ್ಮಾಣದಲ್ಲಿ ಅಪಘಾತದಿಂದ ಒಂದೂ ಸಾವಾಗಲಿಲ್ಲ. ಅಲ್ಲಿ ಕಂಪನಿಗಳೇನು ಕಡಿಮೆ ಇದ್ದವೇ? ಕೆಲಸ ಮಾಡಿಸುವ ಸಂಸ್ಥೆ ಮೊದಲ ದಿನದಿಂದ ಎಲ್ಲರಿಗೂ ಒಂದೇ ನಿಯಮ ಇಟ್ಟಿತ್ತು.

ನಮ್ಮಲ್ಲಿ ಬಂದದ್ದು 1996ರ ಕಟ್ಟಡ ಮತ್ತು ಇತರ ನಿರ್ಮಾಣ ಕಾರ್ಮಿಕರ ಕಾಯ್ದೆ, 1998ರಲ್ಲಿ ಕೇಂದ್ರದ ನಿಯಮಗಳು, 2006ರಲ್ಲಿ ಕರ್ನಾಟಕದ ನಿಯಮಗಳು. ಒಳ್ಳೆಯ ಕಾಯ್ದೆ. ಆದರೆ ಒಂದು ಲೆಕ್ಕ ನೋಡಿ. 500 ಅಥವಾ ಹೆಚ್ಚು ಕಾರ್ಮಿಕರಿರುವ ಸಂಸ್ಥೆಯಲ್ಲಿ ಸುರಕ್ಷತಾ ಸಮಿತಿ ಮತ್ತು ಸುರಕ್ಷತಾ ಅಧಿಕಾರಿ ಇರಬೇಕು ಅಂತ ಅದರ 38ನೇ ಕಲಂ. 'ಸಂಸ್ಥೆ' ಅಂದರೆ ಗುತ್ತಿಗೆದಾರನ ಸಂಸ್ಥೆಯೂ ಸೇರಿತು. 'ಮಾಲೀಕ' ಅಂದರೆ ಗುತ್ತಿಗೆದಾರನೂ ಹೌದು. ಹೀಗೆ ಒಬ್ಬೊಬ್ಬರನ್ನೇ ಎಣಿಸಿದರೆ ಐವರು ಗುತ್ತಿಗೆದಾರರು, ತಲಾ 200 ಜನ, ಬೇಲಿಯೊಳಗೆ ಒಟ್ಟು 1000 ಕಾರ್ಮಿಕರು. ಸಮಿತಿ ಮಾತ್ರ ಯಾರಿಗೂ ಬೇಡ! ಅಪಾಯ ಸಾವಿರ ಜನರದು, ಲೆಕ್ಕ ಇನ್ನೂರರದು.

2020ರಲ್ಲಿ ಸಂಸತ್ತು ಒಪ್ಪಿದ ವೃತ್ತಿ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿ ಸಂಹಿತೆ 2025ರ ನವೆಂಬರ್ 21ರಿಂದ ಜಾರಿಗೆ ಬಂದು, 1970ರ ಮತ್ತು 1996ರ ಕಾಯ್ದೆಗಳ ಜಾಗವನ್ನು ತೆಗೆದುಕೊಂಡಿತು. ನಿರ್ಮಾಣದಲ್ಲಿ ಸುರಕ್ಷತಾ ಅಧಿಕಾರಿಯ ಮಿತಿ 500ರಿಂದ 250ಕ್ಕೆ ಇಳಿಯಿತು. ವಾಸ್ತುಶಿಲ್ಪಿ, ಪ್ರಾಜೆಕ್ಟ್ ಎಂಜಿನಿಯರ್, ವಿನ್ಯಾಸಕಾರರು ಯೋಜನೆಯ ಹಂತದಲ್ಲೇ ಸುರಕ್ಷತೆಯನ್ನು ಗಮನಿಸಬೇಕು ಅಂತ ಅದರ 8ನೇ ಕಲಂ ಹೇಳುತ್ತದೆ. ಸಂತೋಷ. ಆದರೆ ಎಣಿಕೆ ಇಡೀ ಬೇಲಿಯದ್ದಾಗದೆ ಒಬ್ಬೊಬ್ಬ ಗುತ್ತಿಗೆದಾರನದ್ದೇ ಆದರೆ ಮಿತಿ ಎಷ್ಟು ಇಳಿಸಿದರೂ ಸಂದು ಸಂದಾಗಿಯೇ ಉಳಿಯುತ್ತದೆ.

ಬೇಲಿಯೇ ಇಲ್ಲದ ಸೈಟು

ರೈಲಿಗೂ ಸ್ಥಾವರಕ್ಕೂ ಒಂದು ಬೇಲಿಯಾದರೂ ಇತ್ತು. ಮೂರನೆಯದಾದ ಹೆದ್ದಾರಿಗೆ ಅದೂ ಇರಲಿಲ್ಲ. ಹಳೆಯ 17ನೇ ನಂಬರು 66 ಆಗಿ, ಸುರತ್ಕಲ್ಲಿನಿಂದ ಕುಂದಾಪುರದ ತನಕ ಚತುಷ್ಪಥದ ಕೆಲಸ 2010ರ ಬಳಿಕ ಶುರುವಾಯಿತು. 2017ರಲ್ಲಿ ಹೆಜಮಾಡಿಯಲ್ಲಿ ಟೋಲ್ ಬಂತು. ಆ ವರ್ಷಗಳಲ್ಲಿ ಇಡೀ ಊರೇ ಸೈಟು ಮಾರಾಯ್ರೆ! ರಸ್ತೆ ಗುತ್ತಿಗೆದಾರರು, ಕಂಬ ಬದಲಿಸುವವರು, ಫೋನಿನ ಕೇಬಲಿನವರು, ಪಂಚಾಯತಿನ ನೀರಿನ ಪೈಪಿನವರು. ಇವರೆಲ್ಲರ ನಡುವೆ ಶಾಲೆಗೆ ಹೋಗುವ ಮಕ್ಕಳು, ಮೀನು ಹೊತ್ತು ಬರುವ ಹೆಂಗಸರು, ಜನಾರ್ದನ ದೇವಸ್ಥಾನಕ್ಕೆ ಹೋಗುವವರು, ಬಸ್ಸಿಗೆ ಕಾಯುವವರು. ನಮ್ಮ ಹೆಸರು ಯಾವ ಹಾಜರಿ ಪುಸ್ತಕದಲ್ಲೂ ಇಲ್ಲ. ಹಾಗಿದ್ದೂ ನಾವು ಸೈಟಿನ ಒಳಗೇ ಇದ್ದೆವು.

2023ರ ಜನವರಿ 10ರಂದು ಬೆಂಗಳೂರಿನ ನಾಗವಾರದ ಬಳಿ ಮೆಟ್ರೋ ಕಂಬಕ್ಕೆ ಕಟ್ಟಿದ್ದ ಕಬ್ಬಿಣದ ಹಂದರ ರಸ್ತೆಗೆ ಬಿದ್ದು ಸ್ಕೂಟರಿನಲ್ಲಿ ಹೋಗುತ್ತಿದ್ದ ತಾಯಿ ಮತ್ತು ಪುಟ್ಟ ಮಗ ಸತ್ತರು. ಅವರು ಯಾರ ಕಾರ್ಮಿಕರೂ ಅಲ್ಲ. ದಾರಿಹೋಕರನ್ನೂ ಲೆಕ್ಕಕ್ಕೆ ಹಿಡಿಯದ ಸಮನ್ವಯ ಸಮನ್ವಯವೇ ಅಲ್ಲ ಅನ್ನುವುದಕ್ಕೆ ಇದಕ್ಕಿಂತ ಕ್ರೂರ ಸಾಕ್ಷಿ ಬೇಡ.

ಇಷ್ಟೆಲ್ಲ ಓದಿದ ಮೇಲೆ ನನಗೆ ಅನ್ನಿಸಿದ್ದು ತೀರಾ ಸರಳ. ಸೈಟಿನ ಗೇಟಿನಲ್ಲಿ ಕಂಪನಿಗಳ ದೊಡ್ಡ ದೊಡ್ಡ ಬೋರ್ಡುಗಳಿರುತ್ತವೆ. ಮಾಲೀಕರು, ಸಲಹೆಗಾರರು, ಗುತ್ತಿಗೆದಾರರು, ಅಂದಾಜು ಮೊತ್ತ, ಮುಗಿಯುವ ದಿನಾಂಕ. ಅದರಲ್ಲಿ ಇನ್ನೊಂದು ಸಾಲು ಬೇಕು. ಈ ಬೇಲಿಯ ಒಳಗೆ, ಯಾವ ಕಂಪನಿಯದ್ದೇ ಆಗಲಿ, ಕೆಲಸ ನಿಲ್ಲಿಸಿ ಅಂತ ಹೇಳುವ ಅಧಿಕಾರ ಇರುವ ಒಬ್ಬರ ಹೆಸರು, ಅವರ ಫೋನ್ ನಂಬರು. ಆ ಹೆಸರು ಟೆಂಡರ್ ಕಾಗದದಲ್ಲೇ ಇರಬೇಕು, ಅದರ ಖರ್ಚು ಬೇರೆಯಾಗಿ ಬರೆದಿರಬೇಕು. ಇಲ್ಲದಿದ್ದರೆ ಕಡಿಮೆ ದರ ಹಾಕುವ ಭರದಲ್ಲಿ ಮೊದಲು ಕತ್ತರಿ ಬೀಳುವುದು ಅದಕ್ಕೇ. ಆ ಬೋರ್ಡು ಕನ್ನಡದಲ್ಲೂ ಇರಲಿ, ಒಡಿಶಾದಿಂದ ಬಂದ ಹುಡುಗನಿಗೆ ಓದಲಾಗುವ ಲಿಪಿಯಲ್ಲೂ ಇರಲಿ.

ನಮ್ಮ ಕರಾವಳಿಯಲ್ಲಿ ಕಾಮಗಾರಿಗಳು ಇಲ್ಲಿಗೇ ನಿಲ್ಲುವುದಿಲ್ಲ. ಹಳಿ ಇಬ್ಬಗೆಯಾಗಬೇಕು ಅನ್ನುತ್ತಾರೆ, ರಸ್ತೆಗೆ ಮೇಲ್ಸೇತುವೆ ಬೇಕು ಅನ್ನುತ್ತಾರೆ, ಕಡಲಿಗೆ ತಡೆಗೋಡೆ ಬೇಕು ಅನ್ನುತ್ತಾರೆ. ಬರಲಿ. ಮುಂದಿನ ಸಲ ನಿಮ್ಮೂರಲ್ಲಿ ಜೆಸಿಬಿ ಇಳಿದಾಗ ಬೋರ್ಡಿನ ಹತ್ತಿರ ಹೋಗಿ ಒಮ್ಮೆ ಕೇಳಿ ನೋಡಿ: "ಇಲ್ಲಿ ಲೈನ್ ಕ್ಲಿಯರ್ ಕೊಡುವವರು ಯಾರು?" ಉತ್ತರಕ್ಕೆ ಮೂರು ಆಫೀಸು ಸುತ್ತಿಸಿದರೆ, ಅಲ್ಲಿ ಸಂದು ಇದೆ ಅಂತಲೇ ಅರ್ಥ.